ಅಕ್ಕನ ಮಗಳ ಶಾಲೆ ಮತ್ತು ನನ್ನ ಎರಡು ಗೆಲುವುಗಳು

ಭಾವ ತೆಂಗಿನಕಾಯಿ ಸುಲಿಯುತ್ತಿರುವಾಗ ಅವರೊಡನೆ ಯಾರೂ ವಾದಕ್ಕಿಳಿಯುವುದಿಲ್ಲವೆಂಬುದನ್ನು ನೀವು ಅಕ್ಕನ ಊರಾದ ಬಿಳಿಗೆರೆಗೆ ಬಂದರೆ ಗಮನಿಸಬಹುದು. ಕಾರಣ ಗೌರವವಲ್ಲ, ಅವರೆದುರು ನೆಲದಿಂದ ಎದ್ದು ನಿಂತ ಕಬ್ಬಿಣದ ಮೊನೆ. ತಿಪಟೂರಿನ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನಗೆ ಮಾತ್ರ ಅಂಥ ಸಾಮಾನ್ಯ ವಿವೇಕ ಒಲಿದಿರಲಿಲ್ಲ. ಅಲ್ಲಿ ಚೀಟಿ ಎತ್ತಿದರೆ ‘ಪರ’ ಬರಬಹುದು, ‘ವಿರೋಧ’ವೂ ಬರಬಹುದು, ಬಂದದ್ದನ್ನು ಹುಟ್ಟಿದಾಗಿನಿಂದ ನಂಬಿದವಳಂತೆ ಮಾತಾಡುವುದೇ ನಮ್ಮ ವಿದ್ಯೆ.

ಆ ವಿದ್ಯೆಗೆ ಬೇಡಿಕೆ ಬಂದದ್ದು ಅಕ್ಕನ ಮಗಳು ಸಿಂಚನಳಿಗೆ ಆರು ತುಂಬಿದಾಗ. ಮಗುವನ್ನು ಮನೆಯಲ್ಲೇ, ತೋಟ, ಹಸು, ಪುಸ್ತಕಗಳ ನಡುವೆ ಓದಿಸಬೇಕೆಂದು ಅಕ್ಕ. ಊರಿನ ಸರ್ಕಾರಿ ಶಾಲೆಗೇ ಕಳಿಸಬೇಕೆಂದು ಭಾವ. ಸೋಮವಾರ ದಾಖಲಾತಿಗೆ ಕೊನೆಯ ದಿನ. ಶನಿವಾರ ಇಬ್ಬರೂ, ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು, ನನ್ನನ್ನು ವಕೀಲಿಕೆಗೆ ನೇಮಿಸಿಕೊಂಡರು.

“ನಿಮ್ ಭಾವಂಗೆ ನೀನೇ ಹೇಳೇ, ನನ್ ಮಾತು ಕಿವಿಗೇ ಹಾಕ್ಕಳಲ್ಲ” ಎಂದಳು ಅಕ್ಕ.

“ನಿಮ್ಮಕ್ಕಂಗೆ ಒಸಿ ಬುದ್ಧಿ ಹೇಳಮ್ಮ” ಎಂದರು ಭಾವ.

ಕಕ್ಷಿದಾರರಿಬ್ಬರಿಗೂ ನಾನು ಮೋಸ ಮಾಡಲಿಲ್ಲ. ಕಬ್ಬಿಣದ ಮೊನೆಯ ಈಚೆ ಕುಳಿತು, ಪ್ರತಿ ಮಗುವಿನ ಕಲಿಕೆಗೂ ಅದರದೇ ವೇಗವುಂಟು, ಗಂಟೆ ಬಾರಿಸಿದೊಡನೆ ಕುತೂಹಲ ಹುಟ್ಟದು ಎಂದು ಭಾವನಿಗೆ ಮನೆಪಾಠದ ಮಹಿಮೆಯನ್ನು ನಿರೂಪಿಸಿದೆ; ಮುದ್ದೆ ತಿರುವುತ್ತಿದ್ದ ಅಕ್ಕನಿಗೆ, ಹತ್ತು ಮನೆಯ ಮಕ್ಕಳ ನಡುವೆ ಕೂರದವಳು ಲೋಕವನ್ನು ಎಲ್ಲಿ ಕಂಡಾಳು ಎಂದು ಶಾಲೆಯ ಮಹಿಮೆಯನ್ನು.

ಭಾನುವಾರ ಬೆಳಿಗ್ಗೆ ತಿಂಡಿಗೆ ಕೂತ ಭಾವ, “ಆಯ್ತು ಕಣೇ, ನೀನಂದಂಗೇ ಮನೇಲೇ ಓದ್ಲಿ ಬುಡು” ಎಂದರು.

“ಬ್ಯಾಡ ಕಣ್ರೀ, ನೀವಂದಿದ್ದೇ ಸರಿ, ಸ್ಕೂಲಿಗೇ ಹೋಗ್ಲಿ” ಎಂದಳು ಅಕ್ಕ.

ಸೌಜನ್ಯ ಎರಡು ನಿಮಿಷ ಬಾಳಿತು. ಆಮೇಲೆ ಅದೇ ಜಗಳ, ಪಕ್ಷಗಳು ಅದಲುಬದಲಾಗಿ, ನಾನು ಕೊಟ್ಟ ವಾಕ್ಯಗಳಲ್ಲೇ, ಮೊದಲಿಗಿಂತ ಉತ್ತಮ ಕನ್ನಡದಲ್ಲಿ ಮುಂದುವರಿಯಿತು. ಒಂದೇ ದಿನದಲ್ಲಿ ಎರಡು ಸ್ಪರ್ಧೆ ಗೆದ್ದವಳನ್ನು ಯಾರೂ ಅಭಿನಂದಿಸಲಿಲ್ಲ.

ಸೋಮವಾರ ಬೆಳಿಗ್ಗೆಯೂ ಅದು ಮುಗಿದಿರಲಿಲ್ಲ. ಜಗಲಿಗೆ ಜಾರಿಕೊಂಡಿದ್ದ ನನ್ನ ಪಕ್ಕ ಸಿಂಚನ ಬಂದು ಕೂತಳು.

“ಚಿಕ್ಕಿ, ನಿಂಗ್ಯಾವ್ದು ಇಷ್ಟ?”

ಚೀಟಿ ಕೊಡದೆ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ತಡಕಾಡಿದೆ, ಎರಡೂ ಕಡೆಗೆ ವಾದಗಳು ಧಾರಾಳವಾಗಿ ಸಿಕ್ಕವು, ಅಭಿಪ್ರಾಯವೊಂದೂ ಸಿಗಲಿಲ್ಲ. ಸಿಕ್ಕಿದ್ದು ಒಂದು ನೆನಪು. ಮನೆಯಲ್ಲಿ ಕಿರಿಯವಳೆಂದು ಎಲ್ಲರೂ ನನಗೆ ಬೇಕೆಂದೇ ಸೋಲುತ್ತಿದ್ದರು. ಎರಡನೇ ಕ್ಲಾಸಿನಲ್ಲಿ ಪಕ್ಕ ಕೂರುತ್ತಿದ್ದ ಪಾರ್ವತಿ ನನ್ನ ಸುದೀರ್ಘ ವಾದವನ್ನೆಲ್ಲ ಕೇಳಿಸಿಕೊಂಡು, “ನೀನೇಳಿದ್ದೆಲ್ಲ ಸುಳ್ಳು ಕಣೇ” ಎಂದು ಎದ್ದುಹೋಗಿದ್ದಳು. ಅದು ಸುಳ್ಳೇ ಆಗಿತ್ತು. ಮರುದಿನ ಅವಳ ಪಕ್ಕವೇ ಜಾಗ ಹಿಡಿಯಲು ನಾನು ಬೇಗ ಹೋಗಿದ್ದೆ.

“ಸ್ಕೂಲು” ಎಂದೆ. “ಅಲ್ಲಿ ನಿಂಗೆ ಸೋಲಕ್ಕೆ ಅಂತ ಯಾರೂ ಕಾಯ್ತಾ ಕೂತಿರಲ್ಲ.”

“ಅಷ್ಟೇನಾ?” ಎಂದಳು. ಒಳಗೊಮ್ಮೆ ಇಣುಕಿ ನೋಡಿ, ಚಪ್ಪಲಿ ಮೆಟ್ಟಿಕೊಂಡು ನನ್ನ ಕೈ ಎಳೆದಳು: “ನಡಿ ಚಿಕ್ಕಿ, ಅವ್ರು ಆಮೇಲೆ ಬತ್ತಾರೆ.”

ಬಂದರು, ಮಗಳ ಆಧಾರ್ ಕಾರ್ಡನ್ನು ಯಾರು ಎಲ್ಲಿಟ್ಟರೆಂದು ದಾರಿಯುದ್ದಕ್ಕೂ ವಾದಿಸುತ್ತಲೇ.