ಹೊಲಿಗೆ ಬಿಚ್ಚಿದಾಗ ಸಿಕ್ಕ ಮುತ್ತಜ್ಜಿ

ಬೆಳಿಗ್ಗೆ ಆರೂಕಾಲು. ಪುರಸಭೆಯ ದಾಖಲೆ ಕೋಣೆಯ ಪೂರ್ವದ ಕಿಟಕಿಯಿಂದ ಬಿಸಿಲು ಉದ್ದನೆಯ ಮೇಜಿನ ಮೇಲೆ ಓರೆಯಾಗಿ ಬೀಳುತ್ತಿದೆ. ಐವತ್ತೆಂಟು ವರ್ಷದ ಹೆಂಗಸೊಬ್ಬರು ಕನ್ನಡಕವನ್ನು ಹಣೆಗೇರಿಸಿ, ಮೂಗು ತಾಗುವಷ್ಟು ಬಗ್ಗಿ, ಹಳೆಯ ಜನನ ರಿಜಿಸ್ಟರಿನ ಪುಟವೊಂದನ್ನು ದಿಟ್ಟಿಸುತ್ತಿದ್ದಾರೆ. ಶಾಯಿ ಎಂದೋ ಮಾಸಿಹೋಗಿದೆ. ಆದರೆ ಲೇಖನಿಯ ಮೊನೆ ಒತ್ತಿದ ಗೀರು ಉಳಿದಿದೆ. ಓರೆ ಬಿಸಿಲಿಗೆ ಗೀರಿನೊಳಗೆ ನೆರಳು ತುಂಬುತ್ತದೆ. ಬರಿಗಾಗದದ ಮೇಲೆ ಮೆಲ್ಲನೆ ಹೆಸರೊಂದು ಏಳುತ್ತದೆ.

"ಏಳೂವರೆ ಆದ್ರೆ ಮುಗೀತು. ಬಿಸಿಲು ಮೇಲೆ ಹೋದ ಹಾಗೆ ಇವರೆಲ್ಲ ಮತ್ತೆ ಮಲಗಿಬಿಡ್ತಾರೆ," ಎನ್ನುತ್ತಾರೆ ಅವರು. 'ಇವರೆಲ್ಲ' ಎಂದರೆ ನೂರೈವತ್ತು ವರ್ಷಗಳ ಹಿಂದೆ ಇದೇ ಊರಿನಲ್ಲಿ ಹುಟ್ಟಿದವರು.

ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವರು ಗೋಂದಕ್ಕ. ಹರಿದ ರಿಜಿಸ್ಟರುಗಳಿಗೆ ತೇಪೆ ಹಚ್ಚಿ, ಹೊಲಿದು, ಹೊಸ ರಟ್ಟು ಕಟ್ಟುವುದು ಅವರ ಕೆಲಸ. ಒಂದು ಪುಸ್ತಕಕ್ಕೆ ಹತ್ತು ಹನ್ನೊಂದು ದಿನ. ಇಪ್ಪತ್ತಾರು ವರ್ಷಗಳಲ್ಲಿ ಆರುನೂರ ನಲವತ್ತು ಪುಸ್ತಕ ಮುಗಿದಿವೆ. ಕಪಾಟುಗಳಲ್ಲಿ ಇನ್ನೂ ಎರಡೂವರೆ ಸಾವಿರ ಕಾಯುತ್ತಿವೆ. ದೂಳು ಕುಡಿದು ಕುಡಿದು ವರ್ಷವಿಡೀ ನೆಗಡಿ. ಎಡಗೈ ಹೆಬ್ಬೆರಳಿನ ಚರ್ಮ ಅಂಟಿಗೆ ಸುಲಿದು ಗೆರೆಯೇ ಇಲ್ಲದಂತಾಗಿದೆ. "ಹಾಜರಿ ಹಾಕೋ ಮಿಷನ್‌ಗೆ ನಾನು ಮನುಷ್ಯಳೇ ಅಲ್ಲ," ಎಂದು ನಗುತ್ತಾರೆ. ಒಂದು ವರ್ಷ ನೆಲಮಾಳಿಗೆಗೆ ನೀರು ನುಗ್ಗಿ ಇನ್ನೂರು ಪುಸ್ತಕ ತೊಯ್ದಾಗ, ಮೂರು ವಾರ ಪುಟಗಳನ್ನು ಹಗ್ಗಕ್ಕೆ ಹಾಕಿ ಒಣಗಿಸಿದ್ದರು. ಮನೆಯ ಬಟ್ಟೆ ಒಣಗಿಸುವ ಹಗ್ಗವನ್ನೂ ಬಿಚ್ಚಿ ತಂದಿದ್ದರಂತೆ. "ನಮ್ಮೆಜಮಾನ್ರು ಮೂರು ವಾರ ಒದ್ದೆ ಶರ್ಟು ಹಾಕ್ಕೊಂಡೇ ಓಡಾಡಿದ್ರು, ಪಾಪ."

ಪೂರ್ವಜರನ್ನು ಹುಡುಕಿಕೊಡುವುದು ಅವರ ಕೆಲಸದ ಪಟ್ಟಿಯಲ್ಲಿಲ್ಲ. ಅದು ತಾನಾಗಿ ಕೊರಳಿಗೆ ಬಿದ್ದದ್ದು. ಹಲವು ವರ್ಷಗಳ ಹಿಂದೆ ಒಬ್ಬರು ಬಂದು ತಾತನ ತಂದೆಯ ಹೆಸರು ಕೇಳಿದರು. ಅರ್ಜಿ ಕಿಟಕಿಯಲ್ಲಿದ್ದ ಗುಮಾಸ್ತರು "ದಾಖಲೆ ಇಲ್ಲ" ಎಂದು ತಲೆಯಾಡಿಸಿದರು. ಗೋಂದಕ್ಕ ಒಳಗಿನಿಂದಲೇ ಕೂಗಿದರು: "ಇದೆ ಇದೆ! ಬೆಳಿಗ್ಗೆ ತಾನೇ ಅವರಿಗೆ ಅಂಟು ಹಚ್ಚಿದೀನಿ!" ಅಂದಿನಿಂದ ಜನ ಕಿಟಕಿ ಬಿಟ್ಟು ಹಿಂಬಾಗಿಲಿಗೆ ಬರತೊಡಗಿದರು. ಈ ವರ್ಷವೇ ಹತ್ತೊಂಬತ್ತು ಮನೆತನಗಳಿಗೆ ಅವರವರ ಹಿರಿಯರು ಸಿಕ್ಕಿದ್ದಾರೆ.

ಸಿಗದವರನ್ನು ಹುಡುಕುವುದು ಹೇಗೆ? "ಆಗಿನ ಗುಮಾಸ್ತರು ಕಿವಿಗೆ ಬಿದ್ದಿದ್ದನ್ನ ಬರೆಯೋರು. ಅವರಿಗೆ ನೆಗಡಿ ಇದ್ರೆ ಹೆಸರಿಗೂ ನೆಗಡಿ. ಅದಕ್ಕೇ ನಾನು ಹೆಸರನ್ನ ಕಣ್ಣಲ್ಲಿ ಓದಲ್ಲ, ಬಾಯಿಬಿಟ್ಟು ಓದ್ತೀನಿ."

ಆದರೆ ಒಬ್ಬ ಹೆಂಗಸು ಮಾತ್ರ ಮೂರು ವರ್ಷ ಅವರಿಗೂ ಸಿಕ್ಕಿರಲಿಲ್ಲ. ಹುಡುಕಿಕೊಂಡು ಬಂದವರು ಎಪ್ಪತ್ತೆಂಟರ ನಿವೃತ್ತ ಗಣಿತದ ಟೀಚರು. ಅವರ ಮುತ್ತಜ್ಜಿ, ಅಂದರೆ ತಂದೆಯ ಅಜ್ಜಿ, 1881ರ ಜನಗಣತಿಯಲ್ಲಿ ಗಂಡ ಮತ್ತು ಏಳು ವರ್ಷದ ಮಗನ ಜೊತೆ ಇದ್ದಾಳೆ. ಹತ್ತು ವರ್ಷದ ನಂತರದ ಗಣತಿಯಲ್ಲಿ ಗಂಡ ಇದ್ದಾನೆ, ಮಗ ಇದ್ದಾನೆ, ಅವಳಿಲ್ಲ. ಸತ್ತ ದಾಖಲೆಯೂ ಇಲ್ಲ. ಮನೆಯವರು ತೀರ್ಪು ಕೊಟ್ಟುಬಿಟ್ಟಿದ್ದರು: ಓಡಿಹೋದಳು. ಆಮೇಲೆ ಆ ಮನೆಯಲ್ಲಿ ಎದುರು ಮಾತಾಡಿದ ಹೆಣ್ಣುಮಕ್ಕಳಿಗೆಲ್ಲ ಒಂದೇ ಬೈಗುಳ.

"ಓದೋಕೆ ಹಾಸ್ಟೆಲ್‌ಗೆ ಹೋಗ್ತೀನಿ ಅಂದಾಗ ನಮ್ಮ ಸೋದರತ್ತೆ ನನಗೂ ಅಂದಿದ್ರು, ಓಡಿಹೋದವಳ ರಕ್ತ ಅಂತ," ಎನ್ನುತ್ತಾರೆ ಟೀಚರು. "ಹೋದೆ ಅನ್ನಿ. ಆದ್ರೆ ಆ ಮಾತು ಟ್ರಂಕಿನ ಜೊತೇನೇ ಬಂತು."

ಕಳೆದ ತಿಂಗಳು 1899ರ ಜನನ ರಿಜಿಸ್ಟರು ರಿಪೇರಿಯ ಸರದಿಗೆ ಬಂತು. ಹಿಂದೆ ಯಾರೋ ಅದನ್ನು ಎಷ್ಟು ಬಿಗಿಯಾಗಿ ಹೊಲಿದಿದ್ದರೆಂದರೆ, ಪ್ರತಿ ಎಡಪುಟದ ಕೊನೆಯ ಕಾಲಂ ಹೊಲಿಗೆಯೊಳಗೆ ಹುದುಗಿಹೋಗಿತ್ತು. ನಕಲು ಮಾಡುವವರು ಕಾಣದ್ದನ್ನು ಬಿಟ್ಟು ಉಳಿದದ್ದನ್ನು ಬರೆದುಕೊಡುತ್ತಿದ್ದರು. ಗೋಂದಕ್ಕ ದಾರ ಕತ್ತರಿಸಿದರು. ಪುಟಗಳು ಅಂಗಾತ ಬಿಚ್ಚಿಕೊಂಡವು. ಹುದುಗಿದ್ದ ಕಾಲಂ: 'ಹೆರಿಗೆ ಮಾಡಿಸಿದವರು.' ಅದರಲ್ಲಿ ಪುಟ ಪುಟಕ್ಕೂ ಒಂದೇ ಹೆಸರು, ಪಕ್ಕದಲ್ಲಿ ಹೆಬ್ಬೆಟ್ಟು. ಟೀಚರ ಮುತ್ತಜ್ಜಿಯ ಹೆಸರು!

"ಹಾಗಂತ ಕುಣಿಯೋ ಹಾಗಿಲ್ಲ. ಆ ಹೆಸರಿನವರು ಆಗ ಬೀದಿಗೆ ಮೂರು ಜನ," ಎನ್ನುತ್ತಾರೆ ಗೋಂದಕ್ಕ. ಟೀಚರ ತಂದೆ ಹುಟ್ಟಿದ್ದು ಅದೇ ವರ್ಷ. ಅವರ ಸಾಲನ್ನು ಹುಡುಕಿದರು. ಅಲ್ಲೂ ಅದೇ ಹೆಸರು, ಅದೇ ಹೆಬ್ಬೆಟ್ಟು. ಕೆಳಗೆ ಗುಮಾಸ್ತನ ಸಣ್ಣಕ್ಷರ: ಮಗುವಿನ ತಂದೆಯ ತಾಯಿ.

ಆಮೇಲೆ ಸೂಲಗಿತ್ತಿಯರ ಪಟ್ಟಿ ತೆಗೆದರು. 1883ರಲ್ಲಿ ನದಿಯಾಚೆಯ ಆಸ್ಪತ್ರೆಯಲ್ಲಿ ತರಬೇತಿ. ವಾಸ, ಆಸ್ಪತ್ರೆಯ ವಠಾರ. ಗಂಡನ ಮನೆ ಯಾಕೆ ಬಿಟ್ಟಳೋ ಯಾವ ಕಾಲಂನಲ್ಲೂ ಇಲ್ಲ. ಗೋಂದಕ್ಕ ಊಹಿಸುವುದೂ ಇಲ್ಲ. "ಇಷ್ಟು ಮಾತ್ರ ಗೊತ್ತು. ಮಗ ದೊಡ್ಡವನಾಗಿ, ಹೆಂಡತಿಗೆ ನೋವು ಬಂದಾಗ ಅಮ್ಮನ್ನೇ ಕರೆಸಿದಾನೆ. ಅವಳೂ ಬಂದಿದಾಳೆ."

ಸುದ್ದಿ ಕೇಳಿ ಮರುದಿನ ಟೀಚರು ಹಿಂಬಾಗಿಲಿಗೆ ಬಂದರು. ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಓಡಿದ್ದು ನಿಜ ಕಣಮ್ಮಾ! ಹೆರಿಗೆ ಮನೆಯಿಂದ ಹೆರಿಗೆ ಮನೆಗೆ ಓಡಿದಾಳೆ!" ಕಣ್ಣೊರೆಸಿಕೊಂಡು ಗಣಿತದವರ ಬುದ್ಧಿಗೆ ಸರಿಯಾಗಿ ಎಣಿಸಲು ಕೂತರು. ಒಂದೇ ವರ್ಷದಲ್ಲಿ ಇನ್ನೂರ ಹದಿನಾಲ್ಕು ಮಕ್ಕಳು. ನಂಬದೆ ಇನ್ನೊಮ್ಮೆ ಎಣಿಸಿದರು. ಅಷ್ಟೇ ಬಂತು.

ಅಲ್ಲಿಂದಲೇ ಅಣ್ಣನಿಗೆ ಫೋನು. ಅಣ್ಣನಿಗೆ ಎಂಬತ್ತನಾಲ್ಕು, ಕಿವಿ ಮಂದ.

"ಅಣ್ಣಾ, ಮುತ್ತಜ್ಜಿ ಸಿಕ್ಕಿದ್ಳು!"

"ಯಾರು ಬಿದ್ದಿದ್ದು?"

"ಬಿದ್ದಿಲ್ಲ, ಸಿಕ್ಕಿದ್ಳು! ನಮ್ಮಪ್ಪನ್ನ ಎಲ್ಲರಿಗಿಂತ ಮೊದಲು ಎತ್ಕೊಂಡಿದ್ದೇ ಅವಳು!"

ಮೇಲಿನ ಮಹಡಿಯ ತೆರಿಗೆ ವಿಭಾಗದವರೆಲ್ಲ ಇಳಿದು ಬಂದು ನೋಡಿದರು. ಆಚೆ ಕಡೆ ಅಣ್ಣ ಅಳುತ್ತಿದ್ದರೋ ನಗುತ್ತಿದ್ದರೋ ಯಾರಿಗೂ ತಿಳಿಯಲಿಲ್ಲ. ಈಗ ಟೀಚರ ಮನೆಯಲ್ಲಿ ಹಟ ಮಾಡುವ ಮೊಮ್ಮಗಳಿಗೆ ಹೇಳಲು ಹೊಸ ಮಾತು ಬಂದಿದೆಯಂತೆ: "ಸುಮ್ನೆ ಬಂತಾ ಇದು? ಇನ್ನೂರ ಹದಿನಾಲ್ಕು ಮಕ್ಕಳನ್ನ ಹೊರಗೆ ತಂದವಳ ರಕ್ತ!"

ನಿಮ್ಮ ಮುತ್ತಜ್ಜಿ ಸಿಕ್ಕರೇ ಎಂದು ಗೋಂದಕ್ಕನನ್ನು ಕೇಳುತ್ತೇನೆ. "ಸಿಕ್ಕಿದಾಳೆ! ಪಕ್ಕದ ಮನೆ ಕೋಳಿ ಕದ್ದಳು ಅಂತ ಒಂದು ದೂರು. ಸಾಕ್ಷಿ ಇಲ್ಲ ಅಂತ ಬಿಟ್ಟುಬಿಟ್ರು. ಕೋಳೀನೂ ಸಿಗಲಿಲ್ಲ, ಅದು ಬೇರೆ ಮಾತು."

ಅವರ ನಿವೃತ್ತಿಗೆ ಇನ್ನು ಎರಡೇ ವರ್ಷ. ಕಚೇರಿಯಿಂದ ಏನಾದರೂ ಬೇಕೇ ಎಂದರೆ ಅಂಟಿನ ಕುಂಚವನ್ನು ನೀರಿಗದ್ದಿ, ಯೋಚಿಸಿ ಹೇಳುತ್ತಾರೆ: "ಈ ಬಾಗಿಲ ಹತ್ರ ಒಂದು ಬೆಂಚ್ ಹಾಕಿಸಿಕೊಡಲಿ, ಸಾಕು. ತಮ್ಮೋರು ಸಿಕ್ಕಿದ ತಕ್ಷಣ ಜನಕ್ಕೆ ಕಾಲು ನಿಲ್ಲೋದಿಲ್ಲ ನೋಡಿ."