ಎರಡನೇ ಜ್ವರ

ಶಿಡ್ಲಘಟ್ಟದ ಕಡೆ ಜ್ವರ ಎಂಬ ಮಾತಿಗೆ ಎರಡು ಅರ್ಥ. ಮನುಷ್ಯರಿಗೆ ಬರುವುದು ಒಂದು, ರೇಷ್ಮೆ ಹುಳಕ್ಕೆ ಬರುವುದು ಇನ್ನೊಂದು. ಬೆಳೆಯುವ ಹುಳಕ್ಕೆ ಹಳೆಯ ಚರ್ಮ ಬಿಗಿಯಾದಾಗ ಅದು ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತುಬಿಡುತ್ತದೆ. ಚರ್ಮ ಕಳಚಿ ಏಳುವತನಕ ಅದನ್ನು ಮುಟ್ಟಬಾರದು, ತಿನ್ನಲು ಹಾಕಬಾರದು. ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಿ ಸುಮ್ಮನಿರಬೇಕು. ಹುಳ ಜ್ವರಕ್ಕೆ ಕೂತಿದೆ ಎಂದು ರೈತರು ಹೇಳುವುದು ಇದನ್ನೇ. ಗೂಡು ಕಟ್ಟುವ ಮುಂಚೆ ಹುಳಕ್ಕೆ ನಾಲ್ಕು ಜ್ವರ. ಮೌನಿಕಾಳ ಮಗ ಚಿರಂಜೀವಿಗೆ ಡೇ ಕೇರ್ ಸೇರಿದ ಮೇಲೆ ಎಷ್ಟು ಜ್ವರ ಬಂದವೆಂದು ಯಾರೂ ಲೆಕ್ಕ ಇಟ್ಟಿಲ್ಲ.

ಮೌನಿಕಾ ಕೆಲಸ ಮಾಡುವುದು ಊರಾಚೆಯ ಒಂದು ಚಾಕಿ ಕೇಂದ್ರದಲ್ಲಿ. ಮೊಟ್ಟೆಯಿಂದ ಆಗತಾನೆ ಹೊರಬಂದ, ಇರುವೆಗಿಂತ ಸಣ್ಣ ಹುಳಗಳನ್ನು ಎರಡನೇ ಜ್ವರಕ್ಕೆ ಕೂರುವವರೆಗೆ ಸಾಕಿ ರೈತರಿಗೆ ಹಂಚುವ ಜಾಗ ಅದು. ಅಲ್ಲಿ ಸೊಪ್ಪು ಹೆಚ್ಚುವ ಮುದುಕ ಬಯ್ಯಪ್ಪ ಅದನ್ನು ಹುಳದ ಬಾಲವಾಡಿ ಎನ್ನುತ್ತಾನೆ. ಮಾತು ತಮಾಷೆಯದಾದರೂ ಸುಳ್ಳಲ್ಲ. ಹುಳದ ಬಾಲವಾಡಿ ನೋಡಿಕೊಳ್ಳುವ ಹೆಂಗಸು ತನ್ನ ಎರಡು ತುಂಬದ ಮಗುವನ್ನು ಪೇಟೆಯ ಇನ್ನೊಂದು ಬಾಲವಾಡಿಯಲ್ಲಿ ಬಿಟ್ಟು ಬರುತ್ತಿದ್ದಳು. ಹುಳದ ಬಾಲವಾಡಿಯಲ್ಲಿ ಕೈಕಾಲು ತೊಳೆಯದೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಡೇ ಕೇರ್‌ನಲ್ಲಿ ಒಂದು ಮಗುವಿನ ಬಾಯಿಂದ ಬಿದ್ದ ಪ್ಲಾಸ್ಟಿಕ್ ಆನೆ ಮಧ್ಯಾಹ್ನದೊಳಗೆ ಎಲ್ಲ ಮಕ್ಕಳ ಬಾಯಿಗೂ ಹೋಗಿ ಬರುತ್ತಿತ್ತು. ಆಯಾ ಜಾನ್ ಬೀ ದಿನವಿಡೀ ಒರೆಸುತ್ತಲೇ ಇರುತ್ತಿದ್ದಳು. ಅಷ್ಟು ಮೂಗುಗಳಿಗೆ ಅವಳ ಎರಡು ಕೈ ಸಾಲುತ್ತಿರಲಿಲ್ಲ.

ಮೊದಲು ನೆಗಡಿ, ಅದರ ಹಿಂದೆ ಕೆಮ್ಮು, ಆಮೇಲೆ ಕಣ್ಣು ಬೇನೆ, ಬಾಯಿಗೂ ಅಂಗೈಗೂ ಬೊಬ್ಬೆ, ಭೇದಿ, ಮತ್ತೆ ನೆಗಡಿ. ಅತ್ತೆ ಚಿಕ್ಕವೆಂಕಟಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು: "ಹೆಸರಿಗೆ ಚಿರಂಜೀವಿ. ಸ್ಕೂಲಿಗಿಂತ ಜಾಸ್ತಿ ಹಾಜರಿ ಆಸ್ಪತ್ರೇಲಿ." ಮಗುವನ್ನು ತಾನೇ ನೋಡಿಕೊಳ್ಳಲು ಅವಳ ಮೊಣಕಾಲು ಬಿಡುತ್ತಿರಲಿಲ್ಲ. ಎರಡು ಸೀಮೆಹಸು ಕಟ್ಟಿದ ಹಟ್ಟಿಗೆ ಓಡುವ ಹುಡುಗನ ಹಿಂದೆ ಓಡುವವರು ಯಾರು? ಕೆಲಸ ಬಿಡು ಎಂಬುದೊಂದೇ ಆಕೆಯ ಮದ್ದು. ಅದು ಸಾಲದೆ ಮಗು ಕೆಮ್ಮಿದ ಕೂಡಲೇ ಎದೆಗೂ ಬೆನ್ನಿಗೂ ಕರ್ಪೂರದ ಎಣ್ಣೆ ತಿಕ್ಕಿಬಿಡುತ್ತಿದ್ದಳು.

ಕರ್ಪೂರದ ವಾಸನೆ ಚಾಕಿ ಹುಳಕ್ಕೆ ವಿಷ. ಸೊಳ್ಳೆಬತ್ತಿಯ ಹೊಗೆ, ಹೊಗೆಸೊಪ್ಪು, ಬೆಳೆಗೆ ಹೊಡೆಯುವ ಔಷಧಿ ಎಲ್ಲವೂ ವಿಷವೇ. ಮೌನಿಕಾಳ ಗಂಡ ರಮೇಶ್‌ಬಾಬು ಚಿಂತಾಮಣಿಯ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದ, ಮೈಯೆಲ್ಲ ಔಷಧಿಯ ವಾಸನೆ. ಸಂಜೆ ಮನೆಗೆ ಬಂದವನಿಗೆ ಹೆಂಡತಿಯಿಂದ ಸಿಗುತ್ತಿದ್ದ ಮೊದಲ ಮಾತು, "ಅಲ್ಲೇ ನಿಲ್ಲಿ, ಮೊದಲು ನೀರು ಹಾಕ್ಕೊಳ್ಳಿ." ಅವನು ಬಚ್ಚಲಿಗೆ ಹೋಗುತ್ತ, "ನಿಂಗೆ ಗಂಡನಿಗಿಂತ ಹುಳಾನೇ ಹೆಚ್ಚು ಕಣೆ" ಎನ್ನುತ್ತಿದ್ದ. "ಹುಳ ಹೇಳಿದ ಮಾತು ಕೇಳ್ತದೆ" ಎಂದು ಅವಳು ಉತ್ತರಿಸುತ್ತಿದ್ದಳು. ಅವಳೂ ತನಗೆ ರಿಯಾಯಿತಿ ಕೊಟ್ಟುಕೊಂಡವಳಲ್ಲ. ಕೆಮ್ಮುವ ಮಗುವನ್ನು ಎತ್ತಿಕೊಂಡು ಮಲಗಿ ಎದ್ದ ಬೆಳಿಗ್ಗೆ, ಎಷ್ಟೇ ಚಳಿಯಿದ್ದರೂ ಕೇಂದ್ರದ ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಂಡು, ಅಲ್ಲೇ ಇಟ್ಟಿದ್ದ ಬೇರೆ ಬಟ್ಟೆ ಉಟ್ಟು ಒಳಗೆ ಹೋಗುತ್ತಿದ್ದಳು. ಯಾರೂ ನೋಡುತ್ತಿರಲಿಲ್ಲ, ಯಾರೂ ಹೊಗಳುತ್ತಲೂ ಇರಲಿಲ್ಲ. ಒಂದು ದಿನವೂ ತಪ್ಪಿಸಲಿಲ್ಲ.

ಮಾಲೀಕ ಮುರಳಿಮೋಹನ್ ಆ ವರ್ಷ ಪಕ್ಕದಲ್ಲೇ ಎರಡನೇ ಚಾಕಿ ಮನೆ ಕಟ್ಟಿಸಿದ. ಅದರ ಪೂರ್ತಿ ಜವಾಬ್ದಾರಿ ಮೌನಿಕಾಳಿಗೆ ಬರಬೇಕಿತ್ತು. ಆದರೆ ಡೇ ಕೇರ್‌ನಿಂದ ಕರೆ ಬಂದಾಗೆಲ್ಲ ಅವಳು ಓಡುವುದನ್ನು ಅವನು ಕಂಡಿದ್ದ. "ನಿನ್ನ ಕೆಲಸದ ಮೇಲೆ ಮಾತಿಲ್ಲಮ್ಮ. ಆದ್ರೆ ಜ್ವರಕ್ಕೆ ಕೂರೋ ದಿನ ನೀನು ಇಲ್ದೆ ಹೋದ್ರೆ ಇಷ್ಟೂ ರೈತರ ಹುಳ ಏರುಪೇರಾಗ್ತದೆ. ಈ ಸಲದ ಹುಳ ಒಂದೇ ಸಮ ಬರ್ಲಿ, ಬೀಗದ ಕೈ ನಿಂದು. ಇಲ್ಲಾಂದ್ರೆ ಬೇರೆ ಯಾರನ್ನಾದ್ರೂ ನೋಡ್ತೀನಿ" ಎಂದ. ಮೌನಿಕಾ ವಾದ ಮಾಡಲಿಲ್ಲ. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವಳಿಗೆ ಆ ಮನೆ ಬೇಕಿತ್ತು, ಅಷ್ಟೇ.

ಹುಳ ಎರಡನೇ ಜ್ವರಕ್ಕೆ ಇಳಿಯುವ ದಿನ ಬಂತು. ಎಲ್ಲ ಹುಳವೂ ಒಂದೇ ಗಳಿಗೆಯಲ್ಲಿ ಕೂರುವುದಿಲ್ಲ. ಸೊಪ್ಪು ಬೇಗ ನಿಲ್ಲಿಸಿದರೆ ಹಿಂದುಳಿದವು ಹಸಿಯುತ್ತವೆ, ತಡವಾಗಿ ನಿಲ್ಲಿಸಿದರೆ ಮುಂದೆ ಕೂತವು ಸೊಪ್ಪಿನಡಿ ಹೂತುಹೋಗುತ್ತವೆ. ಯಾವ ಸೊಪ್ಪು ಕೊನೆಯದು ಎಂದು ತೀರ್ಮಾನಿಸುವುದು ನೋಡಿ ಪಳಗಿದ ಕಣ್ಣಿನ ಕೆಲಸ. ಮೌನಿಕಾ ಒಳಗೆ ಒಂದೊಂದೇ ಟ್ರೇ ಎಳೆದು ನೋಡುತ್ತಿದ್ದಳು. ಫೋನು ಎಲ್ಲರ ಕೈ ತಾಗುವ ವಸ್ತು ಎಂದು ಅದನ್ನು ಜಗಲಿಯ ಗೋಡೆಗೂಡಿನಲ್ಲೇ ಇಡುವುದು ಅವಳ ಪದ್ಧತಿ. ಕೇಂದ್ರದ ಫೋನೂ ಅಲ್ಲೇ ಇರುತ್ತಿತ್ತು. ಯಾವುದು ಹೊಡೆದುಕೊಂಡರೂ ಎತ್ತುವವನು ಬಯ್ಯಪ್ಪ. ಅವನಿಗೆ ಕಿವಿ ಸ್ವಲ್ಪ ಮಂದ, ಗಂಟಲು ದೊಡ್ಡದು.

"ಹಲೋ! ಹಾ, ಹೇಳಮ್ಮ... ಜ್ವರಾನಾ? ಬರ್ಲಿ ಬಿಡು, ಒಳ್ಳೇದೇ!... ತಿಂತಿಲ್ವಾ? ಜ್ವರಕ್ಕೆ ಕೂತ್ಮೇಲೆ ಯಾವುದು ತಿಂತದಮ್ಮ? ಏನೂ ಹಾಕ್ಬೇಡ... ಅಲ್ಲಾಡ್ತಿಲ್ಲ ಅಂದ್ರೆ ಸರಿಯಾಗೇ ಕೂತದೆ ಅಂತ. ಮುಟ್ಬೇಡ. ಮೇಲೆ ತೆಳ್ಳಗೆ ಸುಣ್ಣ ಹೊಡಿ... ಸುಣ್ಣ ಕಣಮ್ಮ, ಸುಣ್ಣ! ಬಟ್ಟೇಲಿ ಕಟ್ಕಂಡು ಉದುರ್ಸು. ನಾಳೆಗೆ ಚರ್ಮ ಬಿಟ್ಟು ತಾನೇ ಎದ್ದೇಳ್ತದೆ!"

ಒಳಗಿದ್ದ ಮೌನಿಕಾ ಇದನ್ನೆಲ್ಲ ಕೇಳಿ ನಕ್ಕಳು. "ಯಾರಣ್ಣ ಅದು?"

"ಯಾರೋ ಹೊಸಬಳು. ಹುಳ ಜ್ವರಕ್ಕೆ ಕೂತಿದ್ದಕ್ಕೇ ಅಳ್ತಾ ಅವ್ಳೆ. ಎಲ್ಲಾ ಹೇಳ್ಕೊಟ್ಟೆ. ಅದಕ್ಕೂ ಕಿರುಚ್ತಾಳಲ್ಲಪ್ಪ!"

ಮೌನಿಕಾ ಕೈಯಲ್ಲಿದ್ದ ಟ್ರೇಯನ್ನು ಒಳಕ್ಕೆ ತಳ್ಳಿ ನಿಂತಳು. ಹೋದ ಸಲ ಇಲ್ಲಿಂದ ಹೋದ ಹುಳವೆಲ್ಲ ನಾಲ್ಕೂ ಜ್ವರ ಮುಗಿಸಿ, ಹಣ್ಣಾಗಿ, ಚಂದ್ರಿಕೆಯೆಂಬ ಬಿದಿರು ತಟ್ಟೆ ಹತ್ತಿ ಗೂಡು ಕಟ್ಟುತ್ತಿರುವ ಹೊತ್ತು. ಅವಳು ಸಾಕಿ ಕೊಟ್ಟ ಯಾವ ಹುಳವೂ ಈ ದಿನ ಜ್ವರದಲ್ಲಿರಲು ಸಾಧ್ಯವಿರಲಿಲ್ಲ.

"ಯಾವ ಫೋನಣ್ಣ? ಕಪ್ಪದಾ, ಕೆಂಪದಾ?"

"ಕೆಂಪದು."

ಕೆಂಪದು ಅವಳದ್ದು. ಓಡಿ ಬಂದು ಎತ್ತಿದರೆ ಜಾನ್ ಬೀ ಆಗಲೇ ಮತ್ತೆ ಕರೆ ಮಾಡುತ್ತಿದ್ದಳು.

"ಏ ಮೌನಿಕಾ! ಯಾರಮ್ಮ ಅವನು? ಮಗೂಗೆ ಸುಣ್ಣ ಹೊಡಿ ಅಂತಾನೆ! ಚರ್ಮ ಬಿಡ್ತದೆ ಅಂತಾನೆ! ಯಾ ಅಲ್ಲಾ, ನನ್ನ ಜೀವಾನೇ ಹೋಯ್ತು!"

"ಮಗು ಹೆಂಗಿದ್ದಾನೆ ಜಾನ್ ಬೀ?"

"ಮೈ ಸುಡ್ತಾ ಐತೆ. ಹಣೆಗೆ ಒದ್ದೆ ಬಟ್ಟೆ ಹಾಕ್ತಾ ಕೂತಿದೀನಿ. ಹಾಲು ಕೊಟ್ರೆ ಕಕ್ಕಿಬಿಟ್ಟ. ನಿನ್ನನ್ನೇ ಕೇಳ್ತಾನೆ, ಬಾರಮ್ಮ."

"ಬಂದೆ."

ಹೋಗುವುದರ ಬಗ್ಗೆ ಅವಳಿಗೆ ಅನುಮಾನವಿರಲಿಲ್ಲ. ಇಲ್ಲಿ ಯಾರು ಎಂಬುದೇ ಪ್ರಶ್ನೆ. ಮಗುವನ್ನು ತರಲು ಅತ್ತೆಯನ್ನು ಕಳಿಸು ಎಂದು ಬಯ್ಯಪ್ಪ ಹೇಳಿದ. ಮೌನಿಕಾ ಅದನ್ನು ತಲೆಕೆಳಗು ಮಾಡಿ ಯೋಚಿಸಿದಳು. ಡಾಕ್ಟರ ಮುಂದೆ ಕೂತು, ಹೇಳಿದ್ದನ್ನು ನೆನಪಿಟ್ಟು, ಒದೆಯುವ ಮಗುವಿನ ಬಾಯಿಗೆ ಔಷಧಿ ಹಾಕುವುದು ಅತ್ತೆಯಿಂದ ಆಗುವ ಕೆಲಸವಲ್ಲ. ಆದರೆ ಮೊಣಕಾಲು ಹೋಗುವತನಕ ಆಕೆ ಹುಳ ಸಾಕಿದವಳು. ಕೂತ ಹುಳ ಯಾವುದು, ಕೂರದ ಹುಳ ಯಾವುದು ಎಂದು ಆಕೆಯ ಕಣ್ಣಿಗೆ ಗೊತ್ತು. ಮನೆಗೆ ಫೋನು ಮಾಡಿದಳು.

"ಎರಡನೇ ಜ್ವರ ನೋಡಕ್ಕೆ ನಂಗೆ ನೀನು ಹೇಳ್ಕೊಡ್ತೀಯಾ?" ಎಂದಳು ಚಿಕ್ಕವೆಂಕಟಮ್ಮ. "ನಿನ್ನ ಗಂಡ ಹುಟ್ಟಿದ್ದೇ ಹುಳದ ಮನೇಲಿ ಕಣೆ."

"ಗೊತ್ತು ಅತ್ತೆ. ಹೊಗೆಸೊಪ್ಪು?"

ಆ ಕಡೆ ಥೂ ಎಂದು ಉಗಿದ ಸದ್ದು. "ಬಾಯಿ ಮುಕ್ಕಳಿಸಿ ಬರ್ತೀನಿ."

"ಸಾಲ್ದು. ಸಂಚಿ ಮನೇಲೇ ಇಟ್ಟು ಬನ್ನಿ. ಇಲ್ಲಿ ತಲೆಗೆ ನೀರು ಹಾಕ್ಕೊಂಡು ನನ್ನ ಸೀರೆ ಉಟ್ಕೊಳ್ಳಿ. ಎಣ್ಣೆ ಮುಟ್ಟಿರೋ ಸೀರೇಲಿ ಒಳಗೆ ಹೋಗಂಗಿಲ್ಲ."

"ದೇವುಡಾ! ದೇವರ ಮನೆಗೂ ಇಷ್ಟು ಮಡಿ ಮಾಡಿಲ್ಲ ನಾನು!"

ಬೈಯುತ್ತಲೇ ಬಂದಳು, ಬೈಯುತ್ತಲೇ ಸ್ನಾನ ಮಾಡಿದಳು. ಒದ್ದೆ ಕೂದಲು ಗಂಟು ಹಾಕಿಕೊಂಡು ಆಕೆ ಮೊದಲ ಟ್ರೇ ಎಳೆದು ಬಗ್ಗಿ ನೋಡಿದ್ದನ್ನು ಕಂಡ ಮೇಲೆಯೇ ಮೌನಿಕಾ ಸ್ಕೂಟರ್ ಹತ್ತಿದ್ದು.

ಡಾಕ್ಟರು ಮಗುವಿನ ಗಂಟಲು ನೋಡಿ, ಕಿವಿ ನೋಡಿ, ಔಷಧಿ ಬರೆದುಕೊಟ್ಟರು. "ಡೇ ಕೇರ್‌ಗೆ ಹೋಗೋ ಮಗು ಅಲ್ವಾ? ಮೊದಲ ವರ್ಷ ಹೀಗೇನೇ. ಪ್ರತಿ ಸಲಾನೂ ಸ್ವಲ್ಪ ಸ್ವಲ್ಪ ಗಟ್ಟಿ ಆಗ್ತಾನೆ." ಹುಳದ ವಿಷಯದಲ್ಲಿ ಈ ಮಾತು ನಿಜವೆಂದು ಮೌನಿಕಾ ಕಂಡಿದ್ದಳು. ಮಗನ ವಿಷಯದಲ್ಲಿ ಇನ್ನೂ ನೋಡಿ ಹೇಳಬೇಕಿತ್ತು. ಅವನು ಅವಳ ಕುತ್ತಿಗೆಗೆ ಬಿಸಿ ಕೆನ್ನೆ ಒತ್ತಿ, "ಆನೆ" ಎಂದ. ಪ್ಲಾಸ್ಟಿಕ್ ಆನೆ ಬೇಕಂತೆ.

ಸಂಜೆ ಜ್ವರ ಇಳಿದು ಮಗು ಅಪ್ಪನ ತೊಡೆಯ ಮೇಲೆ ನಿದ್ದೆ ಹೋದ ಮೇಲೆ ಅವಳು ಕೇಂದ್ರಕ್ಕೆ ಬಂದಳು. ಅತ್ತೆ ಜಗಲಿಯ ಮೇಲೆ ಕಾಲು ನೀಡಿಕೊಂಡು ಕೂತಿದ್ದಳು, ಮುಖದಲ್ಲಿ ಏನೋ ಗೆದ್ದ ಕಳೆ.

"ಸೊಪ್ಪು ನಿಲ್ಸಿದೀನಿ. ಸುಣ್ಣಾನೂ ಆಯ್ತು. ನಿಮ್ಮ ಮುರಳಿಮೋಹನ ಬಂದಿದ್ದ. ಎಲ್ಲಿ ನಿಮ್ಮ ಸೊಸೆ ಅಂದ. ಪೇಟೇಲಿ ಹುಳಕ್ಕೆ ಜ್ವರ, ನೋಡಕ್ಕೆ ಹೋಗವ್ಳೆ ಅಂದೆ. ತಲೆ ಆಡಿಸ್ಕೊಂಡು ಹೋದ!"

ಅಷ್ಟರಲ್ಲಿ ಅವನದೇ ಫೋನು. "ಏನಮ್ಮ, ಬೇರೆ ಕಡೆ ಹುಳ ತಂದ ರೈತರ ಮನೆಗೂ ಹೋಗಿ ಜ್ವರ ನೋಡಿ ಬರ್ತೀಯಂತೆ! ಹಿಂಗಿರ್ಬೇಕು ನೋಡು. ಹುಳಾನೂ ಚೆನ್ನಾಗಿ ಕೂರ್ತಾ ಇತ್ತು. ನಾಳೆ ಬಂದು ಬೀಗದ ಕೈ ಕೊಟ್ಬಿಡ್ತೀನಿ."

ಅತ್ತೆ ಕಣ್ಣಲ್ಲೇ ಸನ್ನೆ ಮಾಡಿದಳು: ಹೂಂ ಅನ್ನು.

"ಹುಳ ಅಲ್ಲ ಸಾರ್," ಎಂದಳು ಮೌನಿಕಾ. "ನನ್ನ ಮಗ. ಅವನಿಗೆ ಜ್ವರ ಬಂದಿತ್ತು, ಹೋಗಿದ್ದೆ. ಇನ್ನು ಮುಂದೇನೂ ಬರ್ತದೆ, ಇನ್ನು ಮುಂದೇನೂ ಹೋಗ್ತೀನಿ. ನಾನಿಲ್ಲದಾಗ ನಮ್ಮತ್ತೆ ನಿಲ್ತಾರೆ. ಅವರಿಗೂ ಕೂಲಿ ಕೊಡ್ಬೇಕಾಗ್ತದೆ. ನಾಳೆ ಬಂದು ಹುಳ ನೋಡಿ. ಆಮೇಲೆ ಬೀಗದ ಕೈ ಮಾತು."

ಅವನು ಫೋನಿಟ್ಟುಬಿಟ್ಟ.

ಚಿಕ್ಕವೆಂಕಟಮ್ಮ ಹಣೆ ಚಚ್ಚಿಕೊಂಡಳು. "ಎಂಥ ಪೆದ್ದೀನ ತಂದ್ಕೊಂಡ್ನಪ್ಪ ಮನೆಗೆ! ಬಾಯಿ ಹತ್ರ ಬಂದ ತುತ್ತು ಕಣೆ!" ಆಮೇಲೆ ಧ್ವನಿ ಇಳಿಸಿ ಕೇಳಿದಳು: "ನಂಗೆ ಕೂಲಿ ಅಂದ್ಯಾ?"

ಮರುದಿನ ರೈತರು ಬರುವ ಮುಂಚೆಯೇ ಮುರಳಿಮೋಹನ್ ಬಂದ. ಕೈಕಾಲು ತೊಳೆದು ಒಳಗೆ ಹೋಗಿ, ಮೇಲಿನದು, ನಡುವಿನದು, ಕೆಳಗಿನದು ಎಂದು ಟ್ರೇಗಳನ್ನು ತನ್ನಿಷ್ಟಕ್ಕೆ ಎಳೆದು ನೋಡಿದ. ಮೌನಿಕಾ ಬಾಗಿಲ ಬಳಿ ನಿಂತಿದ್ದಳು. ಯಾವ ಟ್ರೇಯಲ್ಲೂ ತೆವಳುವ ಹುಳವಿರಲಿಲ್ಲ. ಎಲ್ಲವೂ ತಲೆ ಎತ್ತಿ, ಸುಣ್ಣದ ಬಿಳುಪಿನಡಿ ಒಂದೇ ಸಮ ಕೂತಿದ್ದವು. ಹೊರಗೆ ಬಂದವನು ಬೀಗದ ಕೈಯನ್ನು ಯಾರ ಕೈಗೂ ಕೊಡದೆ ಬಚ್ಚಲ ಬಾಗಿಲ ಮೊಳೆಗೆ ನೇತುಹಾಕಿದ.

"ಅತ್ತೆ ಸೊಸೇಲಿ ಯಾರು ಇರ್ತೀರೋ ಅವರು ಸ್ನಾನ ಮಾಡಿ ತಗೊಳ್ಳಿ. ಹೊಣೆ ಮಾತ್ರ ನಿಂದೇ, ಮೌನಿಕಾ." ಹೊರಡುವಾಗ ಬಯ್ಯಪ್ಪನ ಕಡೆ ತಿರುಗಿ, "ಮಗೂಗೆ ಸುಣ್ಣ ಹೊಡೆಸಿದ್ಯಂತೆ?" ಎಂದ. ಸುದ್ದಿ ಆಗಲೇ ಪೇಟೆ ಮುಟ್ಟಿತ್ತು.

ಎರಡನೇ ಮನೆ ಶುರುವಾಗಿ, ಅಲ್ಲಿಯ ಮೊದಲ ಹುಳ ಜ್ವರಕ್ಕೆ ಇಳಿಯುವ ದಿನ ಬೆಳಿಗ್ಗೆ ಫೋನು ಹೊಡೆದುಕೊಂಡಿತು. ಬಯ್ಯಪ್ಪ ಈಗ ಬುದ್ಧಿ ಕಲಿತಿದ್ದ. ಜ್ವರ ಎಂಬ ಮಾತು ಕಿವಿಗೆ ಬಿದ್ದದ್ದೇ ಕೇಳಿದ:

"ಹುಳಕ್ಕೋ, ಮಗೂಗೋ?"

"ನಂಗೆ ಕಣಣ್ಣ," ಎಂದಳು ಮೌನಿಕಾ. ಗಂಟಲು ಕಟ್ಟಿತ್ತು. ಮಗನ ನೆಗಡಿ ಕೊನೆಗೂ ಅಮ್ಮನನ್ನು ಹಿಡಿದಿತ್ತು.

ಬಯ್ಯಪ್ಪ ಗಡ್ಡ ಕೆರೆದುಕೊಂಡ.

"ಹಂಗಾದ್ರೆ ಸುಮ್ನೆ ಮಲಕ್ಕೊಳಮ್ಮ ಇವತ್ತು," ಎಂದ. "ಅತ್ತೇನ ಕಳ್ಸು. ಹೊಗೆಸೊಪ್ಪು ಉಗುದು ಬರಕ್ಕೇಳು."