ಮದ್ಯದ ಮಧ್ಯೆ ಮದುವೆ

ಗೆಳೆಯರೇ, ತೀರ್ಪುಗಾರನಾಗಿ ಹೋದ ನನಗೆ ಕುಡಿಯದೆಯೇ ತಲೆ ತಿರುಗುತ್ತಿದೆ. ಡೊಂಬಿವಿಲಿಯ ನಮ್ಮ ಕನ್ನಡ ಸಂಘದಲ್ಲಿ ಇವತ್ತು ಚರ್ಚಾಸ್ಪರ್ಧೆ: ಕೆಲವು ರಾಜ್ಯಗಳ ಸರ್ಕಾರಿ ಮದ್ಯದಂಗಡಿಗಳನ್ನು ಖಾಸಗಿಯವರಿಗೆ ಕೊಡಬೇಕೇ?

"ಕೊಡಲೇಬೇಕು! ಹೆಂಡ ಮಾರುವುದು ಸರ್ಕಾರದ ಕೆಲಸವಲ್ಲ," ಎಂದು ಗುಡುಗಿದರು ನಿವೃತ್ತ ಬ್ಯಾಂಕ್ ಅಧಿಕಾರಿ ಶೆಟ್ಟರು.

ಶಹಾಡ್‌ನಲ್ಲಿ ಸ್ವಂತ ಬಾರ್ ನಡೆಸುವ ಸುಧಾಕರಣ್ಣ ಎದ್ದದ್ದು ಸರ್ಕಾರದ ಪರವಾಗಿ! "ಸರ್ಕಾರವೇ ಮಾರಲಿ ಮಾರಾಯ್ರೆ. ಇಲ್ಲಿಯೂ ಹಾಗಿದ್ದರೆ ನಾನೂ ಸರ್ಕಾರಿ ನೌಕರ ಆಗ್ತಿದ್ದೆ. ಬಾರ್‌ನವರ ಹುಡುಗಿ ಬೇಡ ಅಂತ ಈ ಶೆಟ್ಟರು ಮೊನ್ನೆ ತಮ್ಮ ಮಗನಿಗೆ ಕೇಳಿದ್ದ ನನ್ನ ಮಗಳ ಸಂಬಂಧ ಬಿಡ್ತಿರಲಿಲ್ಲ."

ಶೆಟ್ಟರು ತಡವರಿಸಿದರು: "ಅರೇ, ಧಂದಾ ಅಲಗ್, ಸಂಬಂಧ ಅಲಗ್, ಎರಡೂ ಬೇರೆ ಬೇರೆ..."

ಟಣ್! ಸಮಯಪಾಲಕನಾಗಿ ಕೂತಿದ್ದ ಶೆಟ್ಟರ ಮಗ ಗಂಟೆ ಬಾರಿಸಿ, "ಪಪ್ಪಾ, ಟೈಮ್ ಸಂಪ್ಲಾ," ಎಂದ. ಸಮಯ ಇನ್ನೂ ಮುಗಿದಿರಲಿಲ್ಲ.

ಬಹುಮಾನ ಯಾರಿಗೆಂದು ನನಗಿನ್ನೂ ತಿಳಿಯುತ್ತಿಲ್ಲ. ಹುಡುಗ ಮಾತ್ರ ತೀರ್ಪು ಕೊಟ್ಟಾಗಿದೆ.